ಗುರುವಾರದ ಬಿಳಿ ಗೆರೆ

ದಣಿದ ಕೈಗೂ ಒಂದು ಸದ್ದಿರುತ್ತದೆ ಎಂದು ಮೊದಲ ಸಲ ಹೇಳಿದಾಗ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಸದ್ದೆಂದರೆ ಕಿವಿಗೆ ಬೀಳುವಂಥದ್ದಲ್ಲ. ಮನುಷ್ಯನ ಕೈ ಎಷ್ಟು ನಿಶ್ಚಲವಾಗಿ ಕಂಡರೂ ಒಳಗೊಳಗೇ ನಡುಗುತ್ತಲೇ ಇರುತ್ತದೆ, ಸೆಕೆಂಡಿಗೆ ಹತ್ತು ಸಲದ ಆಚೀಚೆ. ಹುಟ್ಟಿದ ಗಳಿಗೆಯಿಂದ ಮಣ್ಣಿಗೆ ಹೋಗುವ ತನಕ ಆ ತಾಳ ನಿಲ್ಲುವುದಿಲ್ಲ. ದುಡಿದಷ್ಟೂ ತಾಳ ತಪ್ಪುತ್ತದೆ. ತಪ್ಪಿದ್ದು ಕಣ್ಣಿಗೆ ಕಾಣುವುದಿಲ್ಲ, ಕೈಯ ಒಡೆಯನಿಗೂ ತಿಳಿಯುವುದಿಲ್ಲ; ಆದರೆ ಕೈಯಲ್ಲಿರುವ ಪಾನಾಕ್ಕೆ ತಿಳಿಯುತ್ತದೆ, ಪಾನಾ ತಿರುಗಿಸುವ ಬೋಲ್ಟಿಗೆ ತಿಳಿಯುತ್ತದೆ.

ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಡಾ. ಮೆಹಜಬೀನ್ ಮುಲ್ಲಾ ಎಂಬ ವಿಜ್ಞಾನಿ ಆ ತಾಳವನ್ನು ಕೇಳುವ ಪಟ್ಟಿಯೊಂದನ್ನು ಮಾಡಿದರು. ಮಣಿಕಟ್ಟಿಗೆ ಸುತ್ತಿಕೊಳ್ಳುವ ಬೂದು ಬಣ್ಣದ ಪಟ್ಟಿ; ಅದರೊಳಗೆ ಸಾಸಿವೆಯಷ್ಟು ಸಣ್ಣ ಮೂರು ಕಾಳು. ಅವು ಕೈಯ ನಡುಕವನ್ನು ಹಿಡಿದು ದೂರದ ಪರದೆಯ ಮೇಲೆ ಗೆರೆಯಾಗಿ ಬರೆಯುತ್ತಿದ್ದವು. ಎರಡು ವರ್ಷ ನೂರಾರು ಕೈಗಳನ್ನು ಕೇಳಿದ ಮೇಲೆ ಅವರಿಗೆ ಸಿಕ್ಕ ಸಂಗತಿ ಸಣ್ಣದು, ಆದರೆ ಯಾರೂ ಊಹಿಸದದ್ದು. ವಾರದ ದುಡಿಮೆಯ ದಣಿವು ಒಂದು ರಾತ್ರಿಯ ನಿದ್ದೆಯಿಂದ ಇಳಿಯುವುದಿಲ್ಲ. ಅದು ಪೂರಾ ಇಳಿಯಬೇಕಾದರೆ ಒಂದೇ ಸಮನೆ ಅರವತ್ತು ತಾಸು ಬೇಕು. ಶನಿವಾರ ಸಂಜೆ ಪಾನಾ ಕೆಳಗಿಟ್ಟು ಸೋಮವಾರ ಮುಂಜಾನೆ ಮತ್ತೆ ಹಿಡಿಯುವವನಿಗೆ ಸಿಗುವುದು ಮೂವತ್ತಾರು. ಅಂದರೆ ಕೆಲಸಕ್ಕೆ ಸೇರಿದ ಮೊದಲ ವಾರದಿಂದ ಇವತ್ತಿನವರೆಗೆ ಅವನ ಕೈ ಒಮ್ಮೆಯೂ ಪೂರ್ತಿ ವಿಶ್ರಾಂತಿ ಪಡೆದಿಲ್ಲ.

ಈ ಮಾತು ಗೋಕುಲ ರಸ್ತೆಯ ಮಾರ್ಗದೀಪ ಮೋಟಾರ್ಸ್‌ನ ಮಾಲೀಕರ ಕಿವಿಗೆ ಬಿತ್ತು. ಆ ಹೊತ್ತಿಗೆ ಊರಿನ ಮುಕ್ಕಾಲು ಕಾರುಗಳು ಬ್ಯಾಟರಿಯವು. ಎಂಜಿನ್ನಿನ ಗದ್ದಲ ಇಲ್ಲವಾದ್ದರಿಂದ, ಹಿಂದೆ ಯಾರ ಕಿವಿಗೂ ಬೀಳದಿದ್ದ ಸಣ್ಣ ಲಟಲಟ ಸದ್ದು ಈಗ ಗಿರಾಕಿಗೆ ನಗಾರಿಯಂತೆ ಕೇಳುತ್ತಿತ್ತು. ಸರ್ವಿಸ್ ಆಗಿ ಹೋದ ಗಾಡಿ ಮತ್ತೆ ತಿರುಗಿ ಬರುವುದು ಅವರಿಗೆ ದೊಡ್ಡ ತಲೆನೋವಾಗಿತ್ತು. ಪ್ರಯೋಗ ಮಾಡಿ ನೋಡೋಣ ಎಂದರು. ಹದಿನಾರು ವಾರ, ಸಂಬಳ ಅಷ್ಟೇ, ವಾರಕ್ಕೆ ನಾಲ್ಕೇ ದಿನ ಕೆಲಸ. ಒಂದು ತಂಡ ಸೋಮವಾರದಿಂದ ಗುರುವಾರ, ಇನ್ನೊಂದು ಗುರುವಾರದಿಂದ ಭಾನುವಾರ. ವರ್ಕ್‌ಶಾಪು ಏಳೂ ದಿನ ತೆರೆದಿರುವುದರಿಂದ ಗಿರಾಕಿಗೂ ಅನುಕೂಲ. ಆದರೆ ಒಂದು ಷರತ್ತು: ಹದಿನಾರು ವಾರದ ಒಟ್ಟು ಲೆಕ್ಕದಲ್ಲಿ ತಿರುಗಿ ಬರುವ ಗಾಡಿ ನೂರಕ್ಕೆ ಮೂರು ದಾಟಿದರೆ ಆರು ದಿನದ ವಾರ ಮರಳುತ್ತದೆ.

ಎಲ್ಲರ ಕೈಗೂ ಪಟ್ಟಿ ಬಂತು. ಮೆಕ್ಯಾನಿಕ್ಕುಗಳು ಅದಕ್ಕೆ ಮೊದಲ ದಿನವೇ ಬಳೆ ಎಂದು ಹೆಸರಿಟ್ಟರು. ಭಾನುವಾರದ ತಂಡದ ಯಮನೂರ ತನ್ನ ಕೈಯನ್ನು ಎತ್ತಿ ಹಿಡಿದು, "ಗಂಡಸರಿಗೆ ಬಳಿ ತೊಡಸಿದ್ರು ಕಾಕಾ, ಇನ್ನ ಅರಿಷಿಣ ಕುಂಕುಮಕ್ಕ ಕರಿಯೂದಷ್ಟ ಉಳೀತು," ಎಂದು ಗದಿಗೆಪ್ಪನನ್ನು ನಗಿಸಲು ನೋಡಿದ.

ಗದಿಗೆಪ್ಪ ಪತ್ತಾರ ಸುಲಭಕ್ಕೆ ನಗುವವನಲ್ಲ. ಐವತ್ತೆರಡು ವರ್ಷ, ಅದರಲ್ಲಿ ಇಪ್ಪತ್ತಾರು ಅದೇ ವರ್ಕ್‌ಶಾಪಿನ ನಾಲ್ಕನೆಯ ಲಿಫ್ಟಿನ ಕೆಳಗೆ ಕಳೆದವನು. ಅವನ ಕೈಯಿಂದ ಹೋದ ಗಾಡಿ ತಿರುಗಿ ಬಂದದ್ದು ಇಲ್ಲ ಎನ್ನುವುದು ಅಲ್ಲಿ ಹಗಲು ಹುಟ್ಟುತ್ತದೆ ಎನ್ನುವಷ್ಟು ಸಹಜವಾದ ಮಾತಾಗಿತ್ತು. ನಾಲ್ಕು ದಿನದ ವಾರ ಎಂದಾಗ ಉಳಿದವರು ಸಿನಿಮಾ, ನಿದ್ದೆ, ಮಾವನ ಮನೆ ಎಂದು ಲೆಕ್ಕ ಹಾಕಿದರೆ ಗದಿಗೆಪ್ಪ ಕಣ್ಣು ಒರೆಸಿಕೊಂಡಿದ್ದ. ಅದಕ್ಕೆ ಕಾರಣ ಮನೆಯಲ್ಲಿತ್ತು.

ಪ್ರಯೋಗ ಶುರುವಾಗುವ ಎರಡು ತಿಂಗಳ ಮುಂಚೆ ಅವನ ಹೆಂಡತಿ ಗೌರವ್ವ ಒಲೆಯ ಮುಂದೆ ಕುಳಿತಲ್ಲೇ ವಾಲಿದ್ದಳು. ಮಿದುಳಿನ ಒಂದು ನರಕ್ಕೆ ರಕ್ತ ಹೋಗುವುದು ನಿಂತಿತ್ತು. ಮಾತು ಉಳಿಯಿತು, ಕಾಲು ಎರಡು ವಾರಕ್ಕೆ ಮರಳಿತು, ಬಲಗೈ ಮಾತ್ರ ಬೇರೆ ಯಾರದೋ ಕೈಯನ್ನು ತಂದು ಹೆಗಲಿಗೆ ಹಚ್ಚಿದಂತೆ ಮಡಿಲಲ್ಲಿ ಬಿದ್ದುಕೊಂಡಿತು. ಡಾಕ್ಟರು ಒಂದೇ ಮಾತು ಹೇಳಿದ್ದರು. ಆರು ತಿಂಗಳೊಳಗೆ ಎಷ್ಟು ಬರುತ್ತದೋ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಬರುವುದು ಬಲು ನಿಧಾನ. ದಿನಕ್ಕೆ ಮೂರು ತಾಸಾದರೂ ಯಾರಾದರೂ ಆ ಕೈಯನ್ನು ಹಿಡಿದು ದುಡಿಸಬೇಕು. ಮುಂಜಾನೆ ಎಂಟಕ್ಕೆ ಹೋಗಿ ಸಂಜೆ ಎಂಟಕ್ಕೆ ಬರುವ ಗಂಡನಿಗೆ ಮೂರು ತಾಸು ಎಲ್ಲಿಂದ ತರುವುದು?

ಈಗ ಶುಕ್ರವಾರ, ಶನಿವಾರ, ಭಾನುವಾರ ಅವನವು. ಪಡಸಾಲೆಯಲ್ಲಿ ಚಾಪೆ ಹಾಸಿ ಎದುರುಬದುರು ಕೂರುತ್ತಿದ್ದರು. ಜೋಳದ ಹಿಟ್ಟು ಕಲಸಿ ಅವಳ ಅಂಗೈ ಕೆಳಗೆ ಇಡುತ್ತಿದ್ದ. ಅವಳ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಒತ್ತುತ್ತಿದ್ದ. ಪರಾತದಲ್ಲಿ ಕಡಲೆಕಾಳು ಸುರಿದು ಒಂದೊಂದಾಗಿ ಹೆಕ್ಕಿಸುತ್ತಿದ್ದ. ಹೆಕ್ಕುವುದು ಎಲ್ಲಿಯ ಮಾತು, ಬೆರಳು ಕಾಳನ್ನು ಮುಟ್ಟುವುದೇ ಅಪರೂಪ. ಬೇಸರವಾದಾಗ ಗೌರವ್ವ ಬಾಯಿಗೆ ಕೆಲಸ ಕೊಡುತ್ತಿದ್ದಳು. ಬಳೆ ತೊಟ್ಟ ಗಂಡ ಈಗ ಹಿಟ್ಟು ನಾದುವುದನ್ನೂ ಕಲಿತ, ಇನ್ನೊಂದು ಜನ್ಮ ಕಾಯುವ ಕೆಲಸ ತಪ್ಪಿತು ಎನ್ನುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ, ತವರಿನಲ್ಲಿ ಅಜ್ಜನ ಬಾಯಿಂದ ಕೇಳಿ ಕಲಿತ ಹಾಡಿನ ಪದಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಗದಿಗೆಪ್ಪ ಆ ಪದಗಳನ್ನು ಕೊನೆಯ ಸಾಲಿನ ತನಕ ಕೇಳಿರಲಿಲ್ಲ. ನಡುವೆಯೇ ನಿದ್ದೆ ಹೊತ್ತೊಯ್ಯುತ್ತಿತ್ತು. ಈಗ ಪೂರ್ತಿ ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಅವಳ ಕೈಯನ್ನು ಆ ಲಯಕ್ಕೇ ಒತ್ತುತ್ತಿದ್ದ.

ಒಂದು ಶುಕ್ರವಾರ ಅವನಿಗೆ ಏನನ್ನಿಸಿತೋ, ತನ್ನ ಬಳೆ ಬಿಚ್ಚಿ ಅವಳ ಬಲಗೈಗೆ ಕಟ್ಟಿ ಅರ್ಧ ತಾಸು ಬಿಟ್ಟ. ಮುಂದಿನ ವಾರ ಮೆಹಜಬೀನ್ ಅವನನ್ನು ಮೇಲಕ್ಕೆ ಕರೆಸಿದರು.

ವರ್ಕ್‌ಶಾಪಿನ ಮೇಲೆ ಗಾಜಿನ ಕೋಣೆಯೊಂದಿತ್ತು. ಅಲ್ಲಿ ಕೂತರೆ ಹನ್ನೆರಡು ಲಿಫ್ಟುಗಳೂ ಅಂಗೈಯಲ್ಲಿಟ್ಟಂತೆ ಕಾಣುತ್ತಿದ್ದವು. ಗೋಡೆಯ ಪರದೆಯ ಮೇಲೆ ಹನ್ನೆರಡು ಹೆಸರು, ಒಂದೊಂದರ ಮುಂದೆಯೂ ಹರಿಯುವ ಹಸಿರು ಗೆರೆ. ಪ್ರತಿ ಗುರುವಾರ, ಎರಡೂ ತಂಡ ಇರುವ ದಿನ, ಮೆಹಜಬೀನ್ ಧಾರವಾಡದಿಂದ ಬಂದು ಅಲ್ಲಿ ಕೂರುತ್ತಿದ್ದರು. ಮೂವತ್ತೈದರ ಆಸುಪಾಸಿನ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ತಾಳ್ಮೆಯುಳ್ಳ ಹೆಣ್ಣು. ಹೋದ ಶುಕ್ರವಾರ ನಿಮ್ಮ ಬಳೆ ಯಾರ ಕೈಯಲ್ಲಿತ್ತು ಎಂದು ಕೇಳಿದರು. ಗದಿಗೆಪ್ಪ ತಪ್ಪಾಯಿತೆಂದು ತಲೆ ತಗ್ಗಿಸಿ ಹೇಳಿಬಿಟ್ಟ. ಅವರು ಗದರಲಿಲ್ಲ, ಪರದೆಯನ್ನು ತಿರುಗಿಸಿ ತೋರಿಸಿದರು. ಸತ್ತ ಕೈಯಾದರೆ ಗೆರೆ ನೀರಿನಂತೆ ಚಪ್ಪಟೆ ಇರಬೇಕಿತ್ತಂತೆ. ಇಲ್ಲಿ ಅಲ್ಲೊಂದು ಇಲ್ಲೊಂದು ಅಲೆ ಎದ್ದಿತ್ತು.

"ಮಿದುಳು ಕರೆಯೋದು ಬಿಟ್ಟಿಲ್ಲ, ಕೈಗೆ ದಾರಿ ಸಿಗ್ತಿಲ್ಲ ಅಷ್ಟ. ನೀವು ಬಿಡಬ್ಯಾಡ್ರಿ," ಎಂದರು.

ಅವತ್ತಿನಿಂದ ಗದಿಗೆಪ್ಪನಿಗೆ ಆ ಮೂರು ದಿನಗಳು ದೇವರು ಕೊಟ್ಟ ದಿನಗಳಂತಾದವು.

ಆದರೆ ಒಂಬತ್ತನೆಯ ವಾರದ ಹೊತ್ತಿಗೆ ಗಾಜಿನ ಕೋಣೆಯಲ್ಲಿ ಬೇರೆಯದೇ ಸುದ್ದಿ. ತಿರುಗಿ ಬರುವ ಗಾಡಿ ಮೊದಲು ನೂರಕ್ಕೆ ಮೂರಿತ್ತು, ಈಗ ನಾಲ್ಕೂವರೆ. ಸರ್ವಿಸ್ ಮ್ಯಾನೇಜರ್ ಹೊಂಬಳ ಸಾಹೇಬರು ಕೆಟ್ಟ ಮನುಷ್ಯರಲ್ಲ. ಅಂಕಿ ಏರಿದರೆ ದಿನಕ್ಕೆ ನಾಲ್ಕು ಸಲ ಲೆಕ್ಕದ ಹಾಳೆ ತೆಗೆದು ನೋಡುತ್ತಿದ್ದರು, ಅಷ್ಟೇ. ಮೆಹಜಬೀನ್ ಅವರಿಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚು ಕಾಡಿತು. ಕೈಗಳ ಗೆರೆ ಹಿಂದೆಂದೂ ಇಷ್ಟು ಹದವಾಗಿರಲಿಲ್ಲ. ಗದಿಗೆಪ್ಪನ ಸೋಮವಾರದ ಗೆರೆ ಇಪ್ಪತ್ತರ ಹುಡುಗನ ಕೈಯ ಗೆರೆಯಂತಿತ್ತು. ಕೈ ಇಷ್ಟು ಚೊಕ್ಕ, ಕೆಲಸ ಇಷ್ಟು ಹುಳುಕು. ಎರಡೂ ಒಂದೇ ಕಡೆ ಹೇಗಿರಲು ಸಾಧ್ಯ? ಹೊಸದಾಗಿ ಹೆಚ್ಚಿದ ದೂರುಗಳೆಲ್ಲ ಒಂದೇ ಬಗೆಯವು: ಗುಂಡಿ ಹಾರಿದಾಗ ಮುಂಚಕ್ರದ ಒಳಗಿಂದ ಟಕ್ ಟಕ್ ಸದ್ದು. ಬಿಚ್ಚಿ ನೋಡಿದರೆ ಸಸ್ಪೆನ್ಷನ್ನಿನ ಬೋಲ್ಟು ಸಡಿಲ. ಗದಗದಿಂದ ಬರುತ್ತಿದ್ದ ಒಂದು ಕುಟುಂಬ ಸದ್ದು ಜೋರಾದದ್ದಕ್ಕೆ ಹೆದರಿ ಅಣ್ಣಿಗೇರಿಯ ಹತ್ತಿರ ಗಾಡಿ ನಿಲ್ಲಿಸಿ, ಟೋಯಿಂಗ್ ಗಾಡಿಯ ಮೇಲೆ ಹೇರಿಸಿಕೊಂಡು ಬಂದಿತ್ತು.

ಎಲ್ಲವೂ ಗುರುವಾರ ಅರ್ಧ ಮುಗಿದು, ಶುಕ್ರವಾರ ಹೊರಬಿದ್ದ ಗಾಡಿಗಳು. ಹೊರಗೆ ಬಿಟ್ಟವರ ಹೆಸರಿಗೆ ತಪ್ಪು ಬರೆಯುವುದು ಅಲ್ಲಿಯ ಪದ್ಧತಿ; ಹಾಗಾಗಿ ಹೆಚ್ಚಿನವು ಯಮನೂರನ ಹೆಸರಿಗೆ ಬಿದ್ದವು. ನಗಿಸುವ ಯಮನೂರ ಈಗ ಯಾರ ಮುಖವನ್ನೂ ನೋಡದೆ ಕೆಲಸ ಮಾಡುತ್ತಿದ್ದ. ಗದಿಗೆಪ್ಪನಿಗೂ ಅವನ ಮೇಲೆ ಒಳಗೊಳಗೇ ಅಸಮಾಧಾನವಿತ್ತು. ಭಾನುವಾರದ ತಂಡ ಬಿಟ್ಟುಹೋದ ಗಾಡಿಗಳನ್ನು ಸೋಮವಾರ ಎತ್ತಿ ನೋಡಿದರೆ ಒಂದು ಬೋಲ್ಟೂ ಬಿಗಿಯಾಗಿಲ್ಲವೆಂದು ಅವನಿಗೆ ಕಾಣುತ್ತಿತ್ತು. ಗೊಣಗುತ್ತ ಗಾಡಿ ಇಳಿಸಿ ಪ್ರತಿಯೊಂದಕ್ಕೂ ಟಾರ್ಕ್ ರೆಂಚ್ ಹಾಕುತ್ತಿದ್ದ. ಬೇಕಾದಷ್ಟು ಬಿಗಿಯಾದ ಕೂಡಲೇ ಟಿಕ್ ಎಂದು ಹೇಳುವ ಉದ್ದನೆಯ ಪಾನಾ ಅದು. ಹಾಕಿದರೆ ಬೋಲ್ಟು ಕೂದಲೆಳೆಯಷ್ಟೂ ತಿರುಗುತ್ತಿರಲಿಲ್ಲ, ಟಿಕ್ ಎನ್ನುತ್ತಿತ್ತು. ಇದೇನು ವಿಚಿತ್ರ ಎಂದು ಒಂದೆರಡು ಸಲ ಅವನಿಗೆ ಅನಿಸಿದ್ದುಂಟು. ಆದರೆ ಅನಿಸಿದ್ದನ್ನು ಹಿಡಿದು ನಿಲ್ಲಿಸಲು ಪುರಸೊತ್ತಿರಲಿಲ್ಲ.

ಹಿಡಿದು ನಿಲ್ಲಿಸಿದವರು ಮೆಹಜಬೀನ್. ಒಂಬತ್ತನೆಯ ಗುರುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗದಿಗೆಪ್ಪನನ್ನು ಕರೆಸಿ ಅವನ ಸೋಮವಾರದ ಗೆರೆಯನ್ನು ಹಿಗ್ಗಿಸಿ ತೋರಿಸಿದರು. ಪಾನಾದ ಟಿಕ್ ಕೈಗೂ ತಾಗುತ್ತದಲ್ಲ, ಅದು ಗೆರೆಯ ಮೇಲೆ ಮುಳ್ಳಿನಂತೆ ಮೂಡಿತ್ತು. ಸಾಮಾನ್ಯವಾಗಿ ಮುಳ್ಳಿಗೆ ಮುಂಚೆ ಕೈ ಜಗ್ಗಿದ ಗುರುತು ಉದ್ದಕ್ಕೆ ಇರುತ್ತದೆ. ಇಲ್ಲಿ ಮುಳ್ಳಿನ ಮೇಲೆ ಮುಳ್ಳು, ಜಗ್ಗಿದ ಗುರುತೇ ಇಲ್ಲ.

"ಬಿಗಿ ಇದ್ದ ಬೋಲ್ಟನ್ನ ಮತ್ತ ಬಿಗಿ ಮಾಡಾಕತ್ತೀರಿ, ಕಾಕಾ. ಯಾಕ?"

"ಬಿಗಿ ಎಲ್ಲಿ ಇರತಾವ್ರಿ. ಗೆರಿ ನೋಡಿದ್ರ ಗೊತ್ತಾಗತೈತಲ್ಲ," ಎಂದ ಗದಿಗೆಪ್ಪ.

"ಯಾವ ಗೆರಿ?"

ಗದಿಗೆಪ್ಪ ನಕ್ಕ. ಹೇಳುವುದಕ್ಕೇನಿದೆ ಎಂಬಂತೆ ಕಿಸೆಯಿಂದ ಬಿಳಿ ಪೇಂಟ್ ಪೆನ್ನು ತೆಗೆದು, ಮೇಜಿನ ಮೇಲಿದ್ದ ಹಳೆಯ ಬೋಲ್ಟೊಂದನ್ನು ಕೈಗೆತ್ತಿಕೊಂಡ. ಈ ಬೋಲ್ಟುಗಳನ್ನು ಗಾಡಿ ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿ ಮಾಡುವಂತಿಲ್ಲ. ಮಾಡಿದರೆ ಒಳಗಿನ ರಬ್ಬರು ತಿರುಚಿಕೊಂಡು ಹರಿಯುತ್ತದೆ. ಮೇಲಿರುವಾಗ ಸುಮ್ಮನೆ ಕೂಡಿಸಬೇಕು, ಗಾಡಿ ಕೆಳಗಿಳಿದು ಚಕ್ರದ ಮೇಲೆ ಭಾರ ಬಿದ್ದ ಮೇಲೆ ಕೊನೆಯ ಬಿಗಿ. ಆದ್ದರಿಂದ ಅವನು ಮೇಲಿರುವಾಗಲೇ ಬೋಲ್ಟು ಮತ್ತು ನಟ್ಟಿನ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆಯುತ್ತಿದ್ದ. ಕೆಳಗಿಳಿಸಿ ಬಿಗಿ ಮಾಡಿದಾಗ ನಟ್ಟು ತಿರುಗುತ್ತದೆ, ಗೆರೆ ತುಂಡಾಗುತ್ತದೆ. ತುಂಡಾದ ಗೆರೆ ಎಂದರೆ ಕೆಲಸ ಮುಗಿಯಿತು. ನೆಟ್ಟಗಿರುವ ಗೆರೆ ಎಂದರೆ ಇನ್ನೂ ಬಾಕಿ ಇದೆ. ಹಳೆ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಅವನ ಉಸ್ತಾದ್ ಕಲಿಸಿದ್ದು ಹಾಗೆ.

ಹೇಳುತ್ತ ಹೇಳುತ್ತ ಅವನು ಗಾಜಿನ ಕಡೆ ತಿರುಗಿದ. ಗಾಜಿನಾಚೆ, ಕೆಳಗೆ ಐದನೆಯ ಲಿಫ್ಟಿನಲ್ಲಿ, ಯಮನೂರ ಗಾಡಿ ಇಳಿಸಿ ಒಂದು ಬೋಲ್ಟಿಗೆ ರೆಂಚ್ ಹಾಕಿ ಟಿಕ್ ಎನ್ನಿಸಿ, ಆಮೇಲೆ ಕಿವಿಯ ಹಿಂದಿನಿಂದ ಪೆನ್ನು ತೆಗೆದು ಗೆರೆ ಎಳೆಯುತ್ತಿದ್ದ. ಬಿಗಿ ಮಾಡಿದ ಮೇಲೆ ಗೆರೆ. ಇಪ್ಪತ್ತಾರು ವರ್ಷ ಪಕ್ಕದ ಲಿಫ್ಟುಗಳಲ್ಲಿ ಹೀಗೆ ಗೆರೆ ಎಳೆಯುವುದನ್ನು ಗದಿಗೆಪ್ಪ ನೋಡಿದ್ದ. ಮೊದಲು ಯಾವುದು ನಂತರ ಯಾವುದು ಎಂದು ಒಮ್ಮೆಯೂ ನೋಡಿರಲಿಲ್ಲ. ಅವರಿಗೆ ನೆಟ್ಟಗಿರುವ ಗೆರೆ ಎಂದರೆ ಮುಗಿದ ಕೆಲಸ. ತುಂಡಾಗಿದ್ದರೆ ಮಾತ್ರ ಸಡಿಲ.

ಹಿಂದೆ ಇದರಿಂದ ತೊಂದರೆ ಇರಲಿಲ್ಲ. ಗದಿಗೆಪ್ಪ ಎತ್ತಿದ ಗಾಡಿಯನ್ನು ಅವನೇ ಇಳಿಸುತ್ತಿದ್ದ, ಎಂಟಾಗಲಿ ಒಂಬತ್ತಾಗಲಿ ಮುಗಿಸಿಯೇ ಏಳುತ್ತಿದ್ದ. ಈಗ ಗುರುವಾರ ಆರು ಹೊಡೆದರೆ ಪಾನಾ ಕೆಳಗಿಡಬೇಕು. ಮೇಲೆ ತೂಗುವ ಗಾಡಿಯನ್ನು ಶುಕ್ರವಾರ ಇಳಿಸುವವನು ಯಮನೂರ. ಅವನು ಕೆಳಗಿಂದ ತಲೆ ಎತ್ತಿ ನೋಡುತ್ತಾನೆ, ಗೆರೆ ನೆಟ್ಟಗಿದೆ. ಚಕ್ರ ಹಾಕುತ್ತಾನೆ, ಇಳಿಸುತ್ತಾನೆ, ತೊಳೆಯಲು ಕಳಿಸುತ್ತಾನೆ. ಗಾಡಿ ತಿರುಗಿ ಬರುವ ಹೊತ್ತಿಗೆ ಕೆಸರು ಗೆರೆಯನ್ನು ತಿಂದು ಹಾಕಿರುತ್ತದೆ.

ಏನಾಯಿತು ಎಂದು ಮೆಹಜಬೀನ್ ಕೇಳಿದರು. ಏನಿಲ್ಲ ಎಂದು ಗದಿಗೆಪ್ಪ ಮೆಟ್ಟಿಲಿಳಿದ. ಅವತ್ತು ಬೇರೆ ಬೇರೆ ಲಿಫ್ಟುಗಳ ಮೇಲೆ ತೂಗುತ್ತಿದ್ದ ತನ್ನ ನಾಲ್ಕೂ ಗಾಡಿಗಳನ್ನು ಆರರೊಳಗೆ ಇಳಿಸಿ ಬಿಗಿ ಮಾಡಿದ. ಬೆವರು ಕಣ್ಣಿಗಿಳಿಯುತ್ತಿತ್ತು. ಹಿಂದಿನ ಎಂಟು ಗುರುವಾರಗಳ ಗಾಡಿಗಳನ್ನು ಮನಸ್ಸಿನಲ್ಲೇ ಎಣಿಸಿದ. ಮೂವತ್ತೆಂಟು. ಹದಿನೈದು ತಾವಾಗಿಯೇ ತಿರುಗಿ ಬಂದಿದ್ದವು. ಇಪ್ಪತ್ತಮೂರು ಇನ್ನೂ ಊರೊಳಗೆ ಓಡಾಡುತ್ತಿದ್ದವು.

ಸಂಜೆ ಚಹಾ ಕುಡಿಯುತ್ತ ಗೌರವ್ವನಿಗೆ ಎಲ್ಲವನ್ನೂ ಹೇಳಿದ. ಅವನ ಮುಂದೆ ಎರಡು ದಾರಿಗಳಿದ್ದವು. ನಾಳೆಯಿಂದ ಉಳಿದವರಂತೆ ಗೆರೆ ಎಳೆದುಬಿಟ್ಟರೆ ಆಯಿತು. ಅಂಕಿ ತಾನಾಗಿ ಇಳಿಯುತ್ತದೆ, ನಾಲ್ಕು ದಿನದ ವಾರ ಉಳಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಬಾಯಿ ಬಿಟ್ಟರೆ ಇಪ್ಪತ್ತಮೂರು ಗಾಡಿಗಳನ್ನು ಮರಳಿ ಕರೆಸಬೇಕು. ಕರೆಸಿದ ಪ್ರತಿಯೊಂದೂ ತಿರುಗಿ ಬಂದ ಲೆಕ್ಕಕ್ಕೆ ಸೇರುತ್ತದೆ. ಪ್ರಯೋಗ ಅಲ್ಲಿಗೆ ಮುಗಿಯಿತು. ಸೋಮವಾರದಿಂದ ಶನಿವಾರ, ಮುಂಜಾನೆ ಎಂಟರಿಂದ ಸಂಜೆ ಎಂಟು. ಡಾಕ್ಟರು ಹೇಳಿದ ಆರು ತಿಂಗಳಲ್ಲಿ ಇನ್ನೂ ಎರಡು ಉಳಿದಿದ್ದವು.

ಗೌರವ್ವ ಚಹಾದ ಲೋಟವನ್ನು ಎಡಗೈಯಿಂದ ಕೆಳಗಿಟ್ಟಳು. ಆಮೇಲೆ ಗಾಡಿಯ ಬಗ್ಗೆಯೇ ಕೇಳಿದಳು. ಬೋಲ್ಟು ಪೂರ್ತಿ ಬಿದ್ದರೆ ಏನಾಗುತ್ತದೆ? ಚಕ್ರ ಎಳೆದ ಕಡೆ ಹೋಗುತ್ತದೆ ಎಂದ. ಬೀಳುತ್ತದೆಯೇ? ಬಹುತೇಕ ಬೀಳುವುದಿಲ್ಲ, ಆದರೆ ಬೀಳುವುದೇ ಇಲ್ಲ ಎಂದು ಹೇಳಲು ಬರುವುದಿಲ್ಲ.

"ಆ ಗಾಡ್ಯಾಗ ಕುಂತವರಿಗೆ ಗೊತ್ತೈತೇನು?"

"ಇಲ್ಲ."

"ನಿಮಗ ಗೊತ್ತೈತಿ." ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲ ಇನ್ನೊಂದು ಬದಿಗೆ ಇಟ್ಟುಕೊಂಡಳು. "ನಾಳೆ ನನ್ನ ಕೈ ಹಿಡ್ಕೊಂಡು ಕುಂತ್ರ ನಿಮ್ಮ ಕೈಯಷ್ಟ ಇಲ್ಲಿರತೈತಿ, ಲಕ್ಷ್ಯ ರಸ್ತೆದಾಗಿರತೈತಿ. ಅಂಥಾ ಕೈ ತಗೊಂಡು ನಾ ಏನ್ ಮಾಡ್ಲಿ?"

ಮರುದಿನ ಶುಕ್ರವಾರ, ರಜೆಯ ದಿನ, ಗದಿಗೆಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ವರ್ಕ್‌ಶಾಪಿಗೆ ಹೋದ. ಹೊಂಬಳ ಸಾಹೇಬರನ್ನೂ ಯಮನೂರನನ್ನೂ ಗಾಜಿನ ಕೋಣೆಗೆ ಕರೆಸಿ, ಧಾರವಾಡಕ್ಕೆ ಫೋನು ಹಚ್ಚಿಸಿ, ಬೋಲ್ಟೊಂದನ್ನು ಮೇಜಿನ ಮೇಲಿಟ್ಟು ಹೇಳಬೇಕಾದದ್ದನ್ನು ಹೇಳಿದ.

ಮೊದಲು ಬಾಯಿ ತೆರೆದವನು ಯಮನೂರ. "ಎಂಟ ವಾರ ನನ್ನ ಹೆಸರು ಬರದ್ರು, ಕಾಕಾ. ನೀವೂ ಒಂದಿನ ನನ್ನ ಮಾರಿ ನೋಡಲಿಲ್ಲ."

ಗದಿಗೆಪ್ಪ ಈಗ ಅವನ ಮುಖ ನೋಡಿದ. ಹೌದು ಎಂದು ತಲೆಯಾಡಿಸಿದ.

ಹೊಂಬಳ ಸಾಹೇಬರು ಎದ್ದು ಬಾಗಿಲು ಹಾಕಿ ಬಂದರು. ಅವರಿಗೂ ಈಗ ಮಗಳ ಜೊತೆ ಕೂತು ಉಣ್ಣುವ ಸಂಜೆಗಳು ಸಿಗುತ್ತಿದ್ದವು. ಅದನ್ನು ಕಳೆದುಕೊಳ್ಳುವ ಮನಸ್ಸು ಯಾರಿಗಿದೆ? ದನಿ ತಗ್ಗಿಸಿ ಹೇಳಿದರು: "ಗದಿಗೆಪ್ಪಾ, ಗಾಡಿ ಇಲ್ಲಿಗೆ ಬಂದ್ರ ಲೆಕ್ಕ. ನೀನ ಅವರ ಮನೀಗೆ ಹೋಗಿ ಬಿಗಿ ಮಾಡಿ ಬಂದ್ರ ಅದು ತಿರುಗಿ ಬಂದಂಗಲ್ಲ. ನಾವು ನಾಲ್ಕ ಮಂದಿ ಬಿಟ್ರ ಯಾರಿಗೂ ಹೇಳೂದು ಬ್ಯಾಡ."

"ಹೇಳದ ಇದ್ದದ್ದಕ್ಕ ಇಷ್ಟೆಲ್ಲ ಆತ್ರಿ, ಸಾಹೇಬ್ರ," ಎಂದ ಗದಿಗೆಪ್ಪ. "ಮನೀಗೆ ಹೋಗಿ ಮಾಡತೇನಿ. ಆದ್ರ ಇಪ್ಪತ್ಮೂರೂ ಬರೀರಿ, ನನ್ನ ಹೆಸರಿಗೆ ಬರೀರಿ. ಯಮನೂರನ ಹೆಸರಿನ ಮುಂದ ಇದ್ದದ್ದೂ ತಗದು ನನ್ನ ಕಡೆ ಹಚ್ಚರಿ."

ಯಮನೂರ ಮೇಜಿನ ಮೇಲಿನ ಬೋಲ್ಟನ್ನು ಎತ್ತಿಕೊಂಡು ತಿರುಗಿಸಿ ನೋಡುತ್ತಿದ್ದ. ಸಿಟ್ಟು ಇಳಿದಿರಲಿಲ್ಲ, ಆದರೆ ಅವನು ಅಪ್ಪಟ ಮೆಕ್ಯಾನಿಕ್ಕು, ಬೋಲ್ಟಿನ ಮುಂದೆ ಸುಳ್ಳು ಹೇಳಲು ಬರುವುದಿಲ್ಲ. ಗೆರೆ ಎಳೆದವರು ಕಾಕಾ, ಅದನ್ನು ನೋಡಿ ಗಾಡಿ ಬಿಟ್ಟವನು ತಾನು, ಒಬ್ಬರನ್ನೊಬ್ಬರು ಕೇಳಲಿಲ್ಲ ಎಂದ. ಅರ್ಧ ತನ್ನ ಹೆಸರಿಗೇ ಇರಲಿ ಎಂದ. ಗುರುವಾರ ಒಂದು ಕಪ್ಪು ಚಹಾ ಒಟ್ಟಿಗೆ ಕುಡಿದಿದ್ದರೂ ತಿಳಿಯುತ್ತಿತ್ತು ಎಂದು ಗೊಣಗಿದ.

ಫೋನಿನ ಆ ತುದಿಯಲ್ಲಿ ಮೆಹಜಬೀನ್ ಇಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದರು. ಎರಡು ವರ್ಷ ಒಂದೊಂದೇ ಕೈಯ ನಡುಕ ಕೇಳಿದೆ, ಒಂದು ಕೈಯಿಂದ ಇನ್ನೊಂದು ಕೈಗೆ ಏನು ದಾಟುತ್ತದೆ ಎಂದು ಕೇಳಲೇ ಇಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಲೆಕ್ಕ ಹಾಕಿದರು. ಈ ಮೂವತ್ತೆಂಟನ್ನು ಬದಿಗಿಟ್ಟು ನೋಡಿದರೆ, ಉಳಿದ ಗಾಡಿಗಳಲ್ಲಿ ತಿರುಗಿ ಬಂದದ್ದು ನೂರಕ್ಕೆ ಮೂರೂವರೆಯೂ ಅಲ್ಲ, ಮೂರರ ಸಮವೂ ಅಲ್ಲ, ಇನ್ನೂ ಕಡಿಮೆ. ಬದಿಗಿಡುವುದು ಬಿಡುವುದು ಮಾಲೀಕರಿಗೆ ಬಿಟ್ಟದ್ದು.

ಮಾಲೀಕರ ಉತ್ತರ ಸಂಜೆ ಬಂತು. ಅವರು ಕರುಣೆಯ ಮಾತಾಡಲಿಲ್ಲ. ಷರತ್ತು ಷರತ್ತೇ, ಈ ಇಪ್ಪತ್ತಮೂರು ಸೇರಿದ ಮೇಲೆ ಲೆಕ್ಕ ಮೂರಕ್ಕೆ ಇಳಿಯುವುದಿಲ್ಲ, ಈ ಪ್ರಯೋಗ ಸೋತಿತು ಎಂದೇ ಬರೆಯಿರಿ ಎಂದರು. ಆದರೆ ಭಾನುವಾರ ಬಾಗಿಲು ತೆರೆದದ್ದಕ್ಕೆ ಬರುತ್ತಿರುವ ಗಿರಾಕಿಗಳನ್ನು ಬಿಡಲು ಅವರಿಗೂ ಇಷ್ಟವಿರಲಿಲ್ಲ. ಇಪ್ಪತ್ತಮೂರು ಗಾಡಿಗಳೂ ಬಿಗಿಯಾದ ದಿನದಿಂದ ಸೊನ್ನೆಯಿಂದ ಎಣಿಕೆ, ಮತ್ತೆ ಹದಿನಾರು ವಾರ. ಅಲ್ಲಿಯ ತನಕ ನಾಲ್ಕು ದಿನದ ವಾರವೇ ಇರಲಿ. ಗಿರಾಕಿಗಳಿಗೆ ಇವತ್ತೇ ಫೋನು ಮಾಡಿ ನಿಜ ಹೇಳಬೇಕು, ಊರು ಬಿಟ್ಟು ಗಾಡಿ ಓಡಿಸಬೇಡಿ ಎನ್ನಬೇಕು. ಬಿಗಿ ಮಾಡುವವನು ತಪ್ಪು ಮಾಡಿದವನೇ, ಅದೂ ಅವನ ರಜೆಯ ದಿನಗಳಲ್ಲೇ. ಇನ್ನು ಮುಂದೆ ಗುರುವಾರ ಐದರಿಂದ ಆರು ಎರಡೂ ತಂಡ ಒಂದೇ ಗಾಡಿಯ ಕೆಳಗೆ ನಿಲ್ಲಬೇಕು. ಬಿಡುವವನು ಬಾಯಲ್ಲಿ ಹೇಳಬೇಕು, ಹಿಡಿಯುವವನು ಕೇಳಿದ್ದನ್ನು ತಿರುಗಿ ಒಪ್ಪಿಸಬೇಕು.

ಹೀಗೆ ವಾರದ ನಾಲ್ಕು ದಿನ ಉಳಿದವು, ಆದರೆ ಗದಿಗೆಪ್ಪನ ಆ ಮೂರು ದಿನ ಹೋದವು. ಮನೆಯಿಂದ ಮನೆಗೆ, ಗಿರಾಕಿಗೆ ಬಿಡುವಾದ ಹೊತ್ತಿಗೆ. ದಿನಕ್ಕೆ ಮೂರೋ ನಾಲ್ಕೋ. ಶುಕ್ರವಾರ ರಾತ್ರಿಯೇ ಇಬ್ಬರ ಮನೆ ಮುಗಿಸಿ ಬಂದವನು ಶನಿವಾರ ಮುಂಜಾನೆ ಪಾನಾಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಗೌರವ್ವ ಸೀರೆ ಬದಲಿಸಿ ಬಾಗಿಲಲ್ಲಿ ಬಂದು ನಿಂತಿದ್ದಳು. ಮನೆಯಲ್ಲಿ ಒಬ್ಬಳೇ ಕೂತು ಕಡಲೆ ಎಣಿಸಲಾರೆ, ಊರಾದರೂ ನೋಡುತ್ತೇನೆ ಎಂದಳು. ವರ್ಕ್‌ಶಾಪಿನ ಸಣ್ಣ ವ್ಯಾನಿನಲ್ಲಿ ಅವನ ಪಕ್ಕ ಕೂತು ಹೊರಟಳು. ದಾರಿಯಲ್ಲಿ ಸಿಗ್ನಲ್ಲು ಕೆಂಪಾದಾಗಲೆಲ್ಲ ಗದಿಗೆಪ್ಪ ಅವಳ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಚುತ್ತಿದ್ದ, ಹಸಿರಾದರೆ ಬಿಡುತ್ತಿದ್ದ. ಮೂರು ತಾಸು ಹೋಗಿ ಒಂದೊಂದು ನಿಮಿಷವಾಯಿತು.

ಗಿರಾಕಿಗಳು ಬಗೆಬಗೆಯವರು. ಕೆಲವರು ಬೈದರು. ಕೇಶ್ವಾಪುರದ ಒಬ್ಬರು ಗೇಟಿನೊಳಗೆ ಬಿಡಲು ಅರ್ಧ ತಾಸು ಕಾಯಿಸಿದರು. ಗದಿಗೆಪ್ಪ ಎಲ್ಲ ಕಡೆಯೂ ಒಂದೇ ಮಾತು ಹೇಳಿದ: ಬಿಗಿ ಮಾಡುವುದನ್ನು ನಾನು ಬಿಟ್ಟಿದ್ದೆ, ಮಾಡಲು ಬಂದಿದ್ದೇನೆ. ಹೇಳುತ್ತ ಹೇಳುತ್ತ ಆ ಮಾತು ಹೇಳುವುದು ಕಷ್ಟವೆನಿಸುವುದು ನಿಂತಿತು. ಇಪ್ಪತ್ತಾರು ವರ್ಷ ಅವನು ಗಾಡಿಗಳ ಹೊಟ್ಟೆಯನ್ನು ಮಾತ್ರ ನೋಡಿದ್ದ. ಅವುಗಳೊಳಗೆ ಕೂರುವವರ ಮನೆಯ ಬಾಗಿಲು, ತುಳಸಿಕಟ್ಟೆ, ಮೂಲೆಯ ಸೈಕಲ್ಲು ಇವನ್ನೆಲ್ಲ ಈಗ ನೋಡಿದ.

ಮೂರನೆಯ ವಾರದ ಶನಿವಾರ, ಇಪ್ಪತ್ತೊಂದನೆಯ ಗಾಡಿ ನವನಗರದ ಒಂದು ಮನೆಯ ಮುಂದಿತ್ತು. ಚಕ್ರದ ಮೇಲೆ ಭಾರ ಇರಬೇಕಾದ್ದರಿಂದ ಜಾಕು ಹಚ್ಚುವಂತಿರಲಿಲ್ಲ; ಮುಂಚಕ್ರಗಳನ್ನು ಎರಡು ಇಳಿಜಾರು ಹಲಗೆಗಳ ಮೇಲೆ ಹತ್ತಿಸಿ, ಗೋಣಿಚೀಲ ಹಾಸಿ ಗದಿಗೆಪ್ಪ ಅಂಗಾತ ಒಳಗೆ ಜರುಗಿದ. ಆ ಮನೆಯಾಕೆ ಒಳ್ಳೆಯವರು. ಗೌರವ್ವನನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ತಂದಿಟ್ಟರು. ಯಾವುದೋ ಮಾತಿಗೆ ಹಿಂಡಿಪಲ್ಯದ ವಿಷಯ ಬಂತು. ಹಿಂಡಿಪಲ್ಯಕ್ಕೆ ಪುಂಡಿಸೊಪ್ಪು ಹಾಕುವ ಮೊದಲು ಕುದಿಸಿ ನೀರು ಚೆಲ್ಲುತ್ತೇವೆ ಎಂದು ಆಕೆ ಹೇಳಿದ್ದೇ ತಡ, ಗೌರವ್ವನಿಗೆ ತಡೆಯಲಾಗಲಿಲ್ಲ. ಹುಳಿಯನ್ನೆಲ್ಲ ಚೆಲ್ಲಿ ಆಮೇಲೆ ಏನು ಉಣ್ಣುತ್ತೀರಿ ಎಂದು ಶುರುಮಾಡಿದವಳು ನಿಲ್ಲಲೇ ಇಲ್ಲ. ಆಕೆ ಒಂದು ಹೇಳಿದರೆ ಇವಳು ಎರಡು ಹೇಳುತ್ತಿದ್ದಳು.

ಗದಿಗೆಪ್ಪ ಬೋಲ್ಟಿಗೆ ರೆಂಚ್ ಕೂಡಿಸಿ ಜಗ್ಗಲು ತೋಳು ಚಾಚಿದ. ಗಾಡಿಯ ಅಂಚಿನ ಕೆಳಗಿಂದ ಅವನಿಗೆ ಕಾಣುತ್ತಿದ್ದದ್ದು ಒಂದು ಮೊಳದಷ್ಟು ಜಗತ್ತು: ಕಟ್ಟೆಯ ಕೆಳಮೆಟ್ಟಿಲು, ಇಬ್ಬರ ಚಪ್ಪಲಿ, ನಡುವೆ ಚಹಾದ ಗಾಜಿನ ಲೋಟ. ಗೌರವ್ವ ಮಾತಿನ ಭರಕ್ಕೆ ಮುಂದೆ ಬಾಗಿದ್ದಳು. ಎಡಗೈಯನ್ನು ಮೆಟ್ಟಿಲಿಗೆ ಊರಿದ್ದಳು. ಐದೂ ಬೆರಳು, ಹಸಿರು ಗಾಜಿನ ಬಳೆ, ಎಲ್ಲ ಸ್ಪಷ್ಟ. ಗದಿಗೆಪ್ಪ ಬೋಲ್ಟಿನ ಕಡೆ ಕಣ್ಣು ಹೊರಳಿಸಿ ಮತ್ತೆ ಇತ್ತ ನೋಡಿದಾಗ ಲೋಟ ಅಲ್ಲಿರಲಿಲ್ಲ.

ಎಡಗೈ ಊರಿದಲ್ಲೇ ಇತ್ತು.

ಅವನ ತೋಳು ಅರ್ಧದಲ್ಲೇ ನಿಂತಿತು. ಪಾನಾ ಮಿಸುಕಿದರೆ, ಟಿಕ್ ಎಂದರೆ, ಅವಳು ತನ್ನ ಕೈಯನ್ನು ತಾನೇ ನೋಡಿಕೊಂಡುಬಿಡುತ್ತಾಳೆ. ಉಸಿರನ್ನೂ ಸಣ್ಣಗೆ ಮಾಡಿಕೊಂಡ. ಮೇಲೆ ಒಂದು ಗುಟುಕಿನ ಸದ್ದು. ಆಮೇಲೆ ಲೋಟ ಕೆಳಗೆ ಬಂತು. ಓರೆಯಾಗಿ, ತಡವರಿಸುತ್ತ, ಅಂಚಿಗೆ ತಾಗಿ ಎರಡು ಹನಿ ಚೆಲ್ಲಿ ಕಲ್ಲಿನ ಮೇಲೆ ಕೂತಿತು. ಅದರ ಸುತ್ತ ಇದ್ದ ಬೆರಳುಗಳು ಬಲಗೈಯವು. ಮಾತು ನಿಲ್ಲಲಿಲ್ಲ, ಪುಂಡಿಸೊಪ್ಪಿನ ನೀರು ಚೆಲ್ಲಬಾರದು ಎನ್ನುವುದಕ್ಕೆ ಅವಳ ಬಳಿ ಇನ್ನೂ ಕಾರಣಗಳಿದ್ದವು.

ಗದಿಗೆಪ್ಪ ಪಾನಾವನ್ನು ಎದೆಯ ಮೇಲೆ ಇಟ್ಟುಕೊಂಡು, ಲೋಟದ ಮೇಲಿಂದ ಕಣ್ಣು ತೆಗೆಯದೆ, ಎರಡನೆಯ ಗುಟುಕಿಗೆ ಕಾಯುತ್ತ ಮಲಗಿದ.